ಬಾಡಿಗೆಗೆ ಮನೆ, ಕಾಗದಕ್ಕೆ ಭಯ: ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಮನೆ ಮಾಲೀಕರು ಅರಿಯಬೇಕಾದ ಕಾನೂನು



2025ರ ಕೊನೆಯ ತಿಂಗಳುಗಳಲ್ಲಿ ಒಂದು ವಾಟ್ಸ್‌ಆ್ಯಪ್ ಸಂದೇಶ ನಮ್ಮ ಸಮಾಜದ ಗುಂಪುಗಳಲ್ಲೂ ಓಡಾಡಿತು. ದೇಶದಲ್ಲಿ ಹೊಸ ಬಾಡಿಗೆ ನಿಯಮ ಜಾರಿಯಾಗಿದೆ, ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಡಿಪಾಜಿಟ್ ತೆಗೆದುಕೊಳ್ಳುವಂತಿಲ್ಲ, ಎರಡು ತಿಂಗಳೊಳಗೆ ಕರಾರು ನೋಂದಾಯಿಸದಿದ್ದರೆ 5,000 ರೂಪಾಯಿ ದಂಡ ಎಂಬುದು ಅದರ ಸಾರ. ಇದನ್ನು ಓದಿ ಮನೆ ಬಾಡಿಗೆಗೆ ಕೊಟ್ಟವರು ಹೆದರಿದರು, ಬಾಡಿಗೆಗೆ ಇದ್ದವರು ಖುಷಿಪಟ್ಟರು. ಇಬ್ಬರಿಗೂ ಹೇಳಬೇಕಾದ ಮಾತು ಒಂದೇ: ಕರ್ನಾಟಕದ ಮಟ್ಟಿಗೆ ಅಂಥ ಕಾನೂನು ಬಂದಿಲ್ಲ.

ಸಂದೇಶದ ಮೂಲ ಇರುವುದು ಕೇಂದ್ರದ ಮಾದರಿ ಬಾಡಿಗೆ ಕಾಯ್ದೆಯಲ್ಲಿ. ಕೇಂದ್ರ ಸಚಿವ ಸಂಪುಟ 2021ರ ಜೂನ್ 2ರಂದು ಅದಕ್ಕೆ ಒಪ್ಪಿಗೆ ಕೊಟ್ಟು ರಾಜ್ಯಗಳಿಗೆ ಕಳಿಸಿತು. ವಾಸದ ಮನೆಗೆ ಎರಡು ತಿಂಗಳ ಡಿಪಾಜಿಟ್ ಮಿತಿ, ಕರಾರು ಆದ ಎರಡು ತಿಂಗಳೊಳಗೆ ಬಾಡಿಗೆ ಪ್ರಾಧಿಕಾರಕ್ಕೆ ತಿಳಿಸುವುದು, ಮನೆ ನೋಡಲು ಬರುವ ಮಾಲೀಕ 24 ಗಂಟೆ ಮೊದಲು ಹೇಳುವುದು, ಇವೆಲ್ಲ ಅದರಲ್ಲಿವೆ. ಆದರೆ ಬಾಡಿಗೆ ವಿಷಯದಲ್ಲಿ ಕಾನೂನು ಮಾಡಬೇಕಾದದ್ದು ರಾಜ್ಯ. ಕರ್ನಾಟಕ ಮಾದರಿ ಕಾಯ್ದೆಯನ್ನು ಹಾಗೆಯೇ ತೆಗೆದುಕೊಳ್ಳದೆ ತನ್ನ 1999ರ ಬಾಡಿಗೆ ಕಾಯ್ದೆಯನ್ನೇ ಇಟ್ಟುಕೊಂಡಿದೆ. 2025ರಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿದ್ದು ಈ ಹಳೆಯ ಕಾಯ್ದೆಯ ಜೈಲು ಶಿಕ್ಷೆ ತೆಗೆದು ದಂಡ ಹೆಚ್ಚಿಸುವ ತಿದ್ದುಪಡಿ ಮಸೂದೆಗೆ.

ಹಾಗಾದರೆ ಬೈಲಹೊಂಗಲದ ಒಂದು ಮನೆಗೆ, ಸವದತ್ತಿಯ ಒಂದು ಮಾಳಿಗೆಗೆ ಇಂದು ಅನ್ವಯವಾಗುವ ಕಾನೂನು ಯಾವುದು? ನಮ್ಮ ಬಹಳಷ್ಟು ಕುಟುಂಬಗಳಿಗೆ ಈ ಪ್ರಶ್ನೆ ಹೊಸದು. 2011ರ ಜನಗಣತಿಯ ಪ್ರಕಾರ ರಾಜ್ಯದಲ್ಲಿ ಅತಿ ಹೆಚ್ಚು ಜೈನರಿರುವುದು ಬೆಳಗಾವಿ ಜಿಲ್ಲೆಯಲ್ಲಿ. ಒಕ್ಕಲುತನದ ಮನೆತನಗಳ ಮಕ್ಕಳು ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರು ಸೇರಿದ್ದಾರೆ. ಊರಿನ ಮನೆ ಒಂದೋ ಬೀಗ ಹಾಕಿಕೊಂಡಿದೆ, ಇಲ್ಲವೆ ಪರಿಚಯದ ಮೇಲೆ ಬಾಯಿಮಾತಿನಲ್ಲಿ ಯಾರಿಗೋ ಕೊಡಲಾಗಿದೆ.

1999ರ ಕರ್ನಾಟಕ ಬಾಡಿಗೆ ಕಾಯ್ದೆ 2001ರ ಡಿಸೆಂಬರ್ 31ರಂದು ಜಾರಿಗೆ ಬಂತು. 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಜಾಗದಲ್ಲಿ ಬಂದ ಇದರ ವ್ಯಾಪ್ತಿ ಜನ ತಿಳಿದುಕೊಂಡದ್ದಕ್ಕಿಂತ ಬಹಳ ಕಿರಿದು. ತನ್ನ ಮೊದಲ ಅನುಸೂಚಿಯಲ್ಲಿ ಸೇರಿದ ಪ್ರದೇಶಗಳಿಗೆ ಮಾತ್ರ ಇದು ಅನ್ವಯ. ಆ ಪ್ರದೇಶದೊಳಗೂ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದೆಡೆ 2,000 ರೂಪಾಯಿಗಿಂತ ಹೆಚ್ಚಿನ ಬಾಡಿಗೆಯ ಮನೆಗಳು ಹೊರಗೆ. ಹೊಸದಾಗಿ ಕಟ್ಟಿದ ಅಥವಾ ಬಹುಪಾಲು ನವೀಕರಿಸಿದ ಮನೆಗಳು ಹದಿನೈದು ವರ್ಷ ಹೊರಗೆ. ಅಡುಗೆಮನೆ, ಬಚ್ಚಲು ಸಹಿತ ಎರಡು ಕೋಣೆಯ ಮನೆ ಈ ನಾಲ್ಕು ಊರುಗಳಲ್ಲಿ 2,000 ರೂಪಾಯಿಯೊಳಗೆ ಈಗ ಎಷ್ಟು ಸಿಕ್ಕೀತು?

ಹಾಗೆ ಉಳಿದಿರುವವು ಹಳೆಯ ಪ್ರಕರಣಗಳು. 2001ಕ್ಕಿಂತ ಮೊದಲಿನಿಂದ ಇನ್ನೂರು, ಮುನ್ನೂರು ರೂಪಾಯಿಗೆ ಪೇಟೆಯ ಮನೆಯಲ್ಲಿ ಇದ್ದುಕೊಂಡು ಬಂದವರು ಇದ್ದಾರೆ. ಅಂಥವರ ವಿಷಯದಲ್ಲಿ ವಕೀಲರಿಗೆ ತೋರಿಸದೆ ಯಾವ ನೋಟಿಸನ್ನೂ ಕೊಡಬೇಡಿ. 1999ರ ಕಾಯ್ದೆಯ ರಕ್ಷಣೆ ಅವರಿಗೆ ಇದ್ದರೆ ನೀವು ತೆರವಿಗೆ ಕಾರಣ ಕೊಡಬೇಕಾಗುತ್ತದೆ, ಅದನ್ನು ಸಾಬೀತು ಮಾಡಬೇಕಾಗುತ್ತದೆ.

ಉಳಿದ ಎಲ್ಲ ಮನೆಗಳಿಗೂ ಆಧಾರ 1882ರ ಆಸ್ತಿ ಹಸ್ತಾಂತರ ಕಾಯ್ದೆ. ಆ ಕಾಯ್ದೆಯ ಬಾಡಿಗೆ ಅಧ್ಯಾಯದಲ್ಲಿ ಮತ್ತೆ ಮತ್ತೆ ಬರುವ ಷರತ್ತು ಎಂದರೆ ‘ಬೇರೆ ಕರಾರು ಇಲ್ಲದಿದ್ದರೆ’ ಎಂಬುದು. ಅಂದರೆ ನೀವು ಏನು ಬರೆದುಕೊಂಡಿದ್ದೀರೋ ಅದೇ ಮೊದಲು, ಬರೆಯದೆ ಬಿಟ್ಟಲ್ಲಿ ಮಾತ್ರ ಕಾಯ್ದೆ. ದೊಡ್ಡ ನಗರದಲ್ಲಿರುವವರು ಕಾಗದ ಮಾಡಿಸುತ್ತಾರೆ, ಹಳ್ಳಿ ಪಟ್ಟಣದಲ್ಲಿ ಮಾತು ಸಾಕು ಎನ್ನುತ್ತೇವಲ್ಲ, ಕಾನೂನಿನ ಲೆಕ್ಕ ಇದಕ್ಕೆ ತದ್ವಿರುದ್ಧವಾಗಿದೆ. ಬಾಡಿಗೆ ಕಾಯ್ದೆ ತಲುಪದ ಕಡೆ ಮಾಲೀಕನಿಗೂ ಬಾಡಿಗೆದಾರನಿಗೂ ಇರುವ ಕಾನೂನು ಬಹುಮಟ್ಟಿಗೆ ಅವರು ಬರೆದುಕೊಂಡ ಕಾಗದವೇ.

ಆದರೂ ಕಾಗದಕ್ಕೆ ಏಕೆ ಹೆದರುತ್ತೇವೆ? ಇದರ ಬೇರು ಹೊಲದಲ್ಲಿದೆ. ಮುಂಬಯಿ ಪ್ರಾಂತದ ಕಾಲದಲ್ಲೇ ಈ ಭಾಗಕ್ಕೆ 1948ರ ಗೇಣಿ ಕಾಯ್ದೆ ಬಂದಿತ್ತು. ಆಮೇಲೆ 1974ರ ಮಾರ್ಚ್ 1ರಿಂದ ಭೂ ಸುಧಾರಣಾ ಕಾಯ್ದೆಯ ತಿದ್ದುಪಡಿ ಜಾರಿಯಾಗಿ ‘ಉಳುವವನೇ ಹೊಲದೊಡೆಯ’ ಆಯಿತು. ನಮೂನೆ 7ರ ಅರ್ಜಿ ಕೊಟ್ಟು ಹೊಲ ಪಡೆದ ಜೈನ ರೈತರೂ ಇದ್ದಾರೆ, ಲಾವಣಿಗೆ ಕೊಟ್ಟ ಹೊಲ ಕಳೆದುಕೊಂಡ ಜೈನ ಮನೆತನಗಳೂ ಇವೆ. ಕಳೆದುಕೊಂಡ ಮನೆಗಳಲ್ಲಿ ಒಂದು ಪಾಠ ಮಾತ್ರ ಉಳಿಯಿತು: ಇನ್ನೊಬ್ಬರ ಹೆಸರು ಯಾವ ಕಾಗದದಲ್ಲೂ ಬರಬಾರದು. ಆ ಪಾಠವನ್ನು ಮಕ್ಕಳು ವಾಸದ ಮನೆಗೂ ಅನ್ವಯಿಸಿಕೊಂಡರು.

ವಾಸದ ಮನೆಗೆ ನಮೂನೆ 7 ಇಲ್ಲ. ‘ಹನ್ನೆರಡು ವರ್ಷ ಇದ್ದರೆ ಮನೆ ಅವರದ್ದೇ’ ಎಂಬ ಮಾತೂ ಅರ್ಧಂಬರ್ಧದ್ದು. ಹನ್ನೆರಡು ವರ್ಷದ ಅವಧಿ ಕಾಲಮಿತಿ ಕಾಯ್ದೆಯಲ್ಲಿ ಇರುವುದು ನಿಜ. ಆದರೆ ಬಾಡಿಗೆದಾರನ ವಿಷಯದಲ್ಲಿ ಆ ಲೆಕ್ಕ ಶುರುವಾಗುವುದು ಬಾಡಿಗೆ ಸಂಬಂಧ ಕಾನೂನಿನ ಪ್ರಕಾರ ಮುಗಿದ ದಿನದಿಂದ. ಬಾಡಿಗೆದಾರನಾಗಿ ಒಳಗೆ ಬಂದವನು, ಬಾಡಿಗೆ ಶುರುವಾದಾಗ ಮಾಲೀಕನಿಗೆ ಹಕ್ಕೇ ಇರಲಿಲ್ಲ ಎಂದು ವಾದಿಸುವಂತೆಯೂ ಇಲ್ಲ. ಹಳೆಯ ಸಾಕ್ಷ್ಯ ಕಾಯ್ದೆಯ 116ನೇ ಕಲಮಿನಲ್ಲಿದ್ದ ಈ ನಿಯಮ 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 122ನೇ ಕಲಮಿನಲ್ಲಿ ಮುಂದುವರಿದಿದೆ. ಈಗ ಯೋಚಿಸಿ: ಆತ ಬಾಡಿಗೆದಾರನೇ ಎಂದು ತೋರಿಸಲು ನಿಮ್ಮ ಕೈಯಲ್ಲಿ ಏನಿರಬೇಕು? ಕರಾರು ಪತ್ರ, ಬಾಡಿಗೆ ಪಾವತಿ, ಬ್ಯಾಂಕಿನ ಜಮಾ. ಬಾಯಿಮಾತಿನಲ್ಲಿ ಕೊಟ್ಟು ನಗದು ತೆಗೆದುಕೊಂಡವರ ಬಳಿ ಇಲ್ಲದಿರುವುದು ಇವೇ. ಮನೆ ಉಳಿಸಿಕೊಳ್ಳಲೆಂದು ಕಾಗದ ಬಿಟ್ಟವರು ಮನೆಗೆ ಇದ್ದ ಕಾವಲನ್ನೇ ತೆಗೆದುಹಾಕಿದ್ದಾರೆ.

ಇನ್ನು ಹನ್ನೊಂದು ತಿಂಗಳ ಮಾತು. ಒಂದು ವರ್ಷ ಮೀರಿದ ಅಥವಾ ವರ್ಷದ ಲೆಕ್ಕದಲ್ಲಿ ಬಾಡಿಗೆ ಗೊತ್ತು ಮಾಡಿದ ಕರಾರಿಗೆ ನೋಂದಣಿ ಕಡ್ಡಾಯ. ಅದನ್ನು ತಪ್ಪಿಸಲು ಹನ್ನೊಂದು ತಿಂಗಳು ಎಂದು ಬರೆಯುವುದು ರೂಢಿ. ಇದು ತಪ್ಪಲ್ಲ. ತಪ್ಪಾಗುವುದು ಹನ್ನೆರಡನೆಯ ತಿಂಗಳಿನಲ್ಲಿ. ಹಳೆಯ ಕರಾರು ಮುಗಿದಿರುತ್ತದೆ, ಹೊಸದು ಮಾಡಿರುವುದಿಲ್ಲ, ಬಾಡಿಗೆ ಮಾತ್ರ ಬರುತ್ತಿರುತ್ತದೆ. ಆಗ ಅದು ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆಯಾಗುತ್ತದೆ, ಹದಿನೈದು ದಿನದ ನೋಟಿಸಿನಿಂದ ಎರಡೂ ಕಡೆಯವರು ಮುಗಿಸಬಹುದು. ಮಕ್ಕಳ ಶಾಲೆ ನಡುವೆ ಇರುವ ಬಾಡಿಗೆದಾರನಿಗೂ ಇದು ಒಳ್ಳೆಯದಲ್ಲ. ಮೂರು ವರ್ಷಕ್ಕೆ ಕೊಡುವ ಮನಸ್ಸಿದ್ದರೆ ಮೂರು ವರ್ಷಕ್ಕೇ ಬರೆದು ನೋಂದಾಯಿಸುವುದು ಮೇಲು. 2024ರ ಸೆಪ್ಟೆಂಬರ್ 2ರಿಂದ ಜಿಲ್ಲೆಯೊಳಗಿನ ಯಾವ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಾದರೂ ನೋಂದಣಿ ಮಾಡಿಸಬಹುದು. ಬೆಳಗಾವಿಯಲ್ಲಿ ಇರುವ ಮಗ ರಾಮದುರ್ಗದ ಮನೆಯ ಕರಾರಿಗೆ ರಾಮದುರ್ಗಕ್ಕೇ ಹೋಗಬೇಕೆಂದಿಲ್ಲ.

ಮುದ್ರಾಂಕದ ಬಗ್ಗೆ ಜನ ಇನ್ನೂ ಹಗುರಾಗಿದ್ದಾರೆ. ‘ನೂರರ ಬಾಂಡ್ ತಂದರೆ ಸಾಕು’ ಎಂಬುದು ಎಲ್ಲರ ಬಾಯಲ್ಲಿದೆ. ಬಾಡಿಗೆ ಕರಾರಿಗೆ ಇಂತಿಷ್ಟೇ ಎಂಬ ಒಂದು ಬಾಂಡ್ ಇಲ್ಲ. ಬಾಡಿಗೆ, ಮುಂಗಡ, ಅವಧಿ ಮೂರನ್ನೂ ನೋಡಿ ಶುಲ್ಕದ ಲೆಕ್ಕ. ಕಡಿಮೆ ಮುದ್ರಾಂಕದ ಕರಾರನ್ನು ಕರ್ನಾಟಕ ಮುದ್ರಾಂಕ ಕಾಯ್ದೆಯ 34ನೇ ಕಲಮಿನ ಪ್ರಕಾರ ನ್ಯಾಯಾಲಯ ಸಾಕ್ಷ್ಯವಾಗಿ ತೆಗೆದುಕೊಳ್ಳುವುದಿಲ್ಲ. ತೆಗೆದುಕೊಳ್ಳಬೇಕಾದರೆ ಬಾಕಿ ಶುಲ್ಕ ಮತ್ತು ಅದರ ಹತ್ತು ಪಟ್ಟು ದಂಡ ಕಟ್ಟಬೇಕು. ನೋಂದಣಿ ಆಗದ ಕಾಗದವನ್ನು ಸ್ವಾಧೀನದ ಸ್ವರೂಪ ತೋರಿಸಲಿಕ್ಕಾದರೂ ಬಳಸಬಹುದು, ಮುದ್ರಾಂಕ ಕಡಿಮೆಯಾದ ಕಾಗದಕ್ಕೆ ಆ ಅವಕಾಶವೂ ಇಲ್ಲ. ಇಷ್ಟು ಬಿಗಿಯೇಕೆ ಎಂದು ಕೇಳುವವರಿಗೆ ನಮ್ಮ ಜಿಲ್ಲೆಯವರಾಗಿ ನಾವು ತಲೆ ತಗ್ಗಿಸಿಯೇ ಉತ್ತರಿಸಬೇಕು. ದೇಶವನ್ನೇ ಅಲುಗಾಡಿಸಿದ ನಕಲಿ ಛಾಪಾ ಕಾಗದದ ತೆಲಗಿ ಕಿತ್ತೂರಿನ ಪಕ್ಕದ ಖಾನಾಪುರದವನು. ಆ ಹಗರಣದ ನಂತರವೇ ಹಳೆಯ ಛಾಪಾ ಕಾಗದ ಹೋಗಿ ಇ-ಸ್ಟ್ಯಾಂಪ್ ಬಂದದ್ದು.

ನಮ್ಮ ಸಮಾಜಕ್ಕೆ ವಿಶೇಷವಾಗಿ ಸಂಬಂಧಿಸಿದ ಒಂದು ಷರತ್ತಿದೆ. ‘ಮನೆಯಲ್ಲಿ ಮಾಂಸ, ಮೀನು, ಮೊಟ್ಟೆ ಬೇಯಿಸಬಾರದು.’ ಇದನ್ನು ಹೇಳದ ಜೈನ ಮಾಲೀಕರು ಕಡಿಮೆ, ಬರೆಯುವವರು ಇನ್ನೂ ಕಡಿಮೆ. ಹೀಗೆ ಷರತ್ತು ಹಾಕುವುದು ಕಾನೂನಿಗೆ ವಿರುದ್ಧವೇ ಎಂದು ಬಹಳ ಜನ ಕೇಳುತ್ತಾರೆ. ಸಂವಿಧಾನದ 15ನೇ ವಿಧಿ ಮುಖ್ಯವಾಗಿ ಕಟ್ಟಿಹಾಕುವುದು ಸರ್ಕಾರವನ್ನು. ಅದರಲ್ಲಿ ಅಂಗಡಿ, ಹೋಟೆಲು, ಬಾವಿ, ಕೆರೆಗಳಂಥ ಸಾರ್ವಜನಿಕ ಜಾಗಗಳ ಮಾತೂ ಇದೆ, ಒಬ್ಬರ ವಾಸದ ಮನೆಯ ಮಾತಿಲ್ಲ. ಪಾರ್ಸಿಗಳಿಗೆ ಮಾತ್ರ ಸದಸ್ಯತ್ವ ಎಂಬ ಒಂದು ಗೃಹ ಸಹಕಾರ ಸಂಘದ ಉಪವಿಧಿಯನ್ನು ಸುಪ್ರೀಂ ಕೋರ್ಟ್ 2005ರಲ್ಲಿ ಎತ್ತಿಹಿಡಿದಿದೆ. ಹಾಗಾಗಿ ಅಡುಗೆಮನೆಯ ಷರತ್ತು ಬರೆಯಲು ಅಡ್ಡಿಯಿಲ್ಲ.

ಆದರೆ ಬರೆಯುವ ಬಗೆ ಇದೆ. ಅವಧಿ ಮುಗಿಯುವ ಮೊದಲೇ, ಷರತ್ತು ಮುರಿದರೆಂಬ ಕಾರಣಕ್ಕೆ ಬಾಡಿಗೆ ರದ್ದುಪಡಿಸಬೇಕಾದರೆ ಆಸ್ತಿ ಹಸ್ತಾಂತರ ಕಾಯ್ದೆಯ 111(ಜಿ) ಕಲಮು ಎರಡು ಸಂಗತಿ ಕೇಳುತ್ತದೆ. ಷರತ್ತು ಕರಾರಿನಲ್ಲಿ ಸ್ಪಷ್ಟವಾಗಿರಬೇಕು, ಮತ್ತು ಅದನ್ನು ಮುರಿದರೆ ಮಾಲೀಕ ಮನೆಯ ಸ್ವಾಧೀನ ಮರಳಿ ಪಡೆಯಬಹುದು ಎಂಬ ಮಾತೂ ಅಲ್ಲೇ ಇರಬೇಕು. ಬೈಲಹೊಂಗಲದಲ್ಲಾಗಲಿ ಬೆಂಗಳೂರಿನಲ್ಲಾಗಲಿ ಸಿದ್ಧ ನಮೂನೆಯಲ್ಲಿ ಬರೆಸಿದ ಕರಾರುಗಳಲ್ಲಿ ಮೊದಲನೆಯದು ಇರಬಹುದು, ಎರಡನೆಯದು ಸಾಮಾನ್ಯವಾಗಿ ಇರುವುದಿಲ್ಲ. ಅದಿಲ್ಲದಿದ್ದರೆ ಅವಧಿ ಮುಗಿಯುವವರೆಗೆ ಕಾಯಬೇಕು. ಎರಡೂ ಇದ್ದರೂ ಒಂದೇ ಸಲಕ್ಕೆ ‘ಹೊರಗೆ ನಡೆಯಿರಿ’ ಎನ್ನುವಂತಿಲ್ಲ. 114ಎ ಕಲಮಿನ ಪ್ರಕಾರ ಯಾವ ಷರತ್ತು ಮುರಿದಿದೆ ಎಂದು ಬರೆದು ತಿಳಿಸಿ, ಸರಿಪಡಿಸಬಹುದಾದದ್ದಿದ್ದರೆ ಅದಕ್ಕೆ ಸಮಯ ಕೊಡಬೇಕು.

ಇಲ್ಲಿ ನನ್ನದೊಂದು ಮಾತು. ಮನೆಯೊಳಗೆ ಏನು ಬೇಯಬಾರದು ಎಂಬುದು ನಮ್ಮ ಅಹಿಂಸೆಯ ಆಚಾರ, ಅದನ್ನು ಮುಖಕ್ಕೆ ಮುಖ ಕೊಟ್ಟು ಹೇಳಬಹುದು. ‘ನಿಮ್ಮ ಜಾತಿ ಯಾವುದು’ ಎಂದು ಕೇಳುವುದು ಅದರ ಅಡ್ಡಹಾದಿ. ಷರತ್ತಿಗೆ ಒಪ್ಪಿ ನಡೆಯುವವರು ಯಾವ ಮನೆಯವರಾದರೇನು? ಬಾಡಿಗೆದಾರರು ಹೊರಗೆ ಎಲ್ಲಿ ಏನು ಉಂಡರೆಂದು ವಿಚಾರಿಸುವುದೂ ಮಾಲೀಕರ ಕೆಲಸವಲ್ಲ.

ಕರಾರಿಗೆ ಸಹಿ ಹಾಕುವವರು ಯಾರು ಎಂಬುದು ಬಹಳ ಮನೆಗಳಲ್ಲಿ ಇತ್ಯರ್ಥವಾಗದ ವಿಷಯ. ಉತಾರದಲ್ಲಿ ಅಜ್ಜನ ಹೆಸರು ಇರುತ್ತದೆ, ವಾಟ್ನಿ ಆಗಿರುವುದಿಲ್ಲ, ಊರಿನಲ್ಲಿ ಉಳಿದ ಒಬ್ಬ ಮಗ ಮನೆ ಬಾಡಿಗೆಗೆ ಕೊಟ್ಟು ಹಣ ತೆಗೆದುಕೊಳ್ಳುತ್ತಿರುತ್ತಾನೆ. ಹಿಂದೂ ಉತ್ತರಾಧಿಕಾರ ಕಾಯ್ದೆ ಜೈನರಿಗೂ ಅನ್ವಯ. ಕರ್ನಾಟಕ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಕೊಟ್ಟಿತ್ತು, 2005ರ ಕೇಂದ್ರ ತಿದ್ದುಪಡಿ ಅದನ್ನು ದೇಶಕ್ಕೆಲ್ಲ ತಂದಿತು, 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಆ ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದು ಹೇಳಿತು. ಮದುವೆಯಾಗಿ ಹೋದ ಅಕ್ಕತಂಗಿಯರೂ ಆ ಮನೆಯ ಪಾಲುದಾರರು. ಅವರ ಒಪ್ಪಿಗೆಯ ಒಂದು ಪತ್ರ, ಬಾಡಿಗೆ ಹಣ ಯಾರ ಖಾತೆಗೆ ಹೋಗಬೇಕೆಂಬ ಒಂದು ಸಾಲು ಬರೆದಿಟ್ಟರೆ, ಆಮೇಲೆ ಅಣ್ಣತಂಗಿಯರ ಜಗಳದಲ್ಲಿ ಬಾಡಿಗೆದಾರ ಯಾರಿಗೆ ದುಡ್ಡು ಕೊಡಬೇಕೆಂದು ತಿಳಿಯದೆ ನಿಲ್ಲುವ ಪ್ರಸಂಗ ಬರುವುದಿಲ್ಲ.

ಬಸದಿಗಳ ಮನೆಗಳದ್ದು ಇದಕ್ಕಿಂತ ಸೂಕ್ಷ್ಮ. ಬಸದಿಯ ಹಿಂಬದಿಯ ಎರಡು ಖೋಲಿ, ಪೇಟೆಯಲ್ಲಿ ದಾನವಾಗಿ ಬಂದ ಒಂದು ಮನೆ, ಇವುಗಳನ್ನು ಅಧ್ಯಕ್ಷರು ತಮ್ಮ ಕಾಲದಲ್ಲಿ ಮಾತಿನ ಮೇಲೆ ಕೊಟ್ಟಿರುತ್ತಾರೆ. ಸಮಿತಿ ಬದಲಾದಾಗ ಡಿಪಾಜಿಟ್ ಎಷ್ಟಿತ್ತು ಎಂದು ಹೇಳುವವರೇ ಇರುವುದಿಲ್ಲ. ಸಮಿತಿಯ ಠರಾವು ಇಲ್ಲದೆ, ಟ್ರಸ್ಟಿನ ಹೆಸರಿನಲ್ಲಲ್ಲದೆ ಕರಾರು ಆಗಬಾರದು, ಬಾಡಿಗೆ ಟ್ರಸ್ಟಿನ ಖಾತೆಗೇ ಬರಬೇಕು. ಪೂಜೆಯ ಉಪಾಧ್ಯೆಯವರಿಗೆ ಕೊಟ್ಟ ಮನೆ ಬಾಡಿಗೆಯಲ್ಲ, ಸೇವೆ ಇರುವವರೆಗಿನ ವಾಸದ ಅನುಮತಿ. ಅದನ್ನು ಬರೆದಿಡದೆ ತಿಂಗಳಿಗೆ ನೂರು ರೂಪಾಯಿ ಬಾಡಿಗೆಯೆಂದು ಪಾವತಿ ಹರಿದುಕೊಟ್ಟ ಸಮಿತಿ, ತಾನೇ ಅದನ್ನು ಬಾಡಿಗೆಯಾಗಿ ಮಾಡಿಕೊಂಡಂತೆ. ಉಪಾಧ್ಯೆಯವರ ಕುಟುಂಬಕ್ಕೂ ನ್ಯಾಯ ಬೇಕು: ಸೇವೆ ಮುಗಿದ ಮೇಲೆ ಅಥವಾ ಅವರು ತೀರಿಕೊಂಡರೆ ಎಷ್ಟು ತಿಂಗಳು ಇರಬಹುದು ಎಂದು ಮೊದಲೇ ಬರೆದರೆ ಯಾರೂ ಯಾರನ್ನೂ ಅಂಗಳಕ್ಕೆ ಎಳೆಯಬೇಕಾಗಿಲ್ಲ. ರಟ್ಟರ ಶಾಂತಿವರ್ಮ 980ರಲ್ಲಿ ಸುಗಂಧವರ್ತಿಯ, ಅಂದರೆ ಇಂದಿನ ಸವದತ್ತಿಯ, ಬಸದಿಗೆ 150 ಮತ್ತರು ಭೂಮಿ ಕೊಟ್ಟದ್ದು ನಮಗೆ ಇಂದು ಗೊತ್ತಿರುವುದು ಅದನ್ನು ಕಲ್ಲಿನಲ್ಲಿ ಕೆತ್ತಿಸಿದ್ದರಿಂದ.

ಗೃಹಜ್ಯೋತಿ ಬಂದ ಮೇಲೆ ಇನ್ನೊಂದು ಭಯ ಸೇರಿಕೊಂಡಿತು. 2023ರ ಆಗಸ್ಟ್‌ನಿಂದ 200 ಯುನಿಟ್‌ವರೆಗೆ ಉಚಿತ ವಿದ್ಯುತ್ ಬಾಡಿಗೆದಾರರಿಗೂ ಸಿಗುತ್ತಿದೆ. ಅದಕ್ಕೆ ಹೆಸ್ಕಾಂ ಮೀಟರಿನ ಆರ್‌ಆರ್ ಸಂಖ್ಯೆಗೆ ಅವರ ಆಧಾರ್ ಜೋಡಿಸಬೇಕು. ‘ಅವರ ಆಧಾರ್ ನಮ್ಮ ಮೀಟರಿಗೆ ಹತ್ತಿದರೆ ಮನೆಯ ಮೇಲೆ ಹಕ್ಕು ಬಂದೀತೇ’ ಎಂದು ಕೆಲವು ಮಾಲೀಕರು ಜೋಡಿಸಲು ಬಿಡಲೇ ಇಲ್ಲ. ಹಕ್ಕು ಬರುವುದಿಲ್ಲ, ಅದು ಬಿಲ್ಲಿನ ಸೌಲಭ್ಯ ಮಾತ್ರ. ನಿಜವಾದ ತೊಂದರೆ ಬೇರೆ: ಹಳೆಯ ಬಾಡಿಗೆದಾರ ಜೋಡಣೆ ಬಿಡಿಸದೆ ಹೋದರೆ ಹೊಸಬರಿಗೆ ಸೌಲಭ್ಯ ಸಿಗುವುದಿಲ್ಲ. 2024ರಿಂದ ಜೋಡಣೆ ರದ್ದು ಮಾಡುವ ಅವಕಾಶ ಇದೆ. ಮನೆ ಬಿಡುವ ಮೊದಲು ಅದನ್ನು ಮಾಡಿಸಿಕೊಡಬೇಕು ಎಂದು ಕರಾರಿನಲ್ಲಿ ಒಂದು ಸಾಲು ಸಾಕು.

ರಾಮದುರ್ಗದವರು ಇನ್ನೊಂದು ಸಾಲನ್ನು ಮರೆಯಬಾರದು. 2019ರ ಆಗಸ್ಟ್‌ನಲ್ಲಿ ನವಿಲುತೀರ್ಥದಿಂದ ಬಿಟ್ಟ ನೀರು, ಸುರಿದ ಮಳೆ ಸೇರಿ ಮಲಪ್ರಭೆ ಊರೊಳಗೆ ಬಂತು. ಆಸ್ತಿ ಹಸ್ತಾಂತರ ಕಾಯ್ದೆಯ 108(ಇ) ಕಲಮು ನೆರೆಯನ್ನು ಹೆಸರಿಟ್ಟೇ ಹೇಳುತ್ತದೆ: ಬೆಂಕಿ, ಬಿರುಗಾಳಿ, ಪ್ರವಾಹದಿಂದ ಮನೆ ಹಾಳಾಗಿ ಇನ್ನು ವಾಸಕ್ಕೆ ಬಾರದಂತಾದರೆ ಬಾಡಿಗೆದಾರ ಬಯಸಿದಲ್ಲಿ ಕರಾರು ರದ್ದು. ಆದರೆ ನೆರೆ ಇಳಿದ ಮೇಲೆ ಒಂದೂವರೆ ತಿಂಗಳು ಕೆಸರು ತೆಗೆದು, ಗೋಡೆ ಒಣಗಿಸಿ ಮತ್ತೆ ಇರಬಹುದಾದ ಮನೆಗೆ ಆ ಕಲಮು ನೇರವಾಗಿ ಹೊಂದುವುದಿಲ್ಲ. ಆ ಅವಧಿಯ ಬಾಡಿಗೆ ಯಾರ ತಲೆಗೆ, ರಿಪೇರಿ ಯಾರದ್ದು ಎಂದು ಹೊಳೆಯ ದಂಡೆಯ ಮನೆಗಳ ಕರಾರಿನಲ್ಲಿ ಇರಬೇಕು. ಆ ವರ್ಷ ಸರ್ಕಾರ ನೆರೆ ಹೊಕ್ಕ ಕುಟುಂಬಗಳಿಗೆ ತುರ್ತಾಗಿ 10,000 ರೂಪಾಯಿ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ಘೋಷಿಸಿತು. ಗೋಡೆ ಮಾಲೀಕರದ್ದು, ತೊಯ್ದುಹೋದ ಕಾಳುಕಡಿ, ಪಾತ್ರೆ, ಹಾಸಿಗೆ ಬಾಡಿಗೆದಾರರದ್ದು. ಆ ಮನೆಯಲ್ಲಿ ವಾಸವಿದ್ದವರು ತಾವೇ ಎಂದು ತೋರಿಸಲು ಅಂಥ ಹೊತ್ತಿನಲ್ಲಿ ಬಾಡಿಗೆದಾರರ ಕೈಯಲ್ಲಿ ಒಂದು ಕಾಗದ ಬೇಕಾಗುತ್ತದೆ.

ಇಷ್ಟಾಗಿಯೂ ಮನಸ್ತಾಪ ಬಂದರೆ ಬೀಗ ಬದಲಿಸುವ, ನಳದ ನೀರು ಬಂದ್ ಮಾಡುವ, ಫ್ಯೂಸ್ ಕೀಳುವ ದಾರಿ ಹಿಡಿಯಬೇಡಿ. ಒಪ್ಪಿಗೆಯಿಲ್ಲದೆ, ಕಾನೂನು ಕ್ರಮವಿಲ್ಲದೆ ಹೊರಹಾಕಿದರೆ ಆತ ಆರು ತಿಂಗಳೊಳಗೆ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ ದಾವೆ ಹಾಕಿ ಒಳಗೆ ಬರಬಹುದು. ಆ ದಾವೆಯಲ್ಲಿ ಮನೆ ನಿಮ್ಮದೇ ಎಂಬುದು ಉತ್ತರವಾಗುವುದಿಲ್ಲ. ಲಿಖಿತ ನೋಟಿಸ್ ಕೊಡಿ, ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ದಿನ ಮುಗಿದ ಮೇಲೂ ಬಿಡದಿದ್ದರೆ ಸಿವಿಲ್ ನ್ಯಾಯಾಲಯ ಇದೆ. ನೋಟಿಸ್ ಕೊಟ್ಟ ಮೇಲೆ ಬರುವ ಬಾಡಿಗೆಯನ್ನು ಸುಮ್ಮನೆ ತೆಗೆದುಕೊಳ್ಳುತ್ತ ಹೋದರೆ ನೋಟಿಸ್ ನೀವೇ ಕೈಬಿಟ್ಟಿರಿ ಎಂಬ ವಾದಕ್ಕೆ ಎಡೆಯಾಗುತ್ತದೆ, ಆ ಹಣವನ್ನು ಹೇಗೆ ಪಡೆಯಬೇಕೆಂದು ವಕೀಲರನ್ನು ಮೊದಲೇ ಕೇಳಿ.

ಶಾಲೆಗಳು ಜೂನ್‌ಗೆ ಶುರುವಾಗುವುದರಿಂದ ಈ ಊರುಗಳಲ್ಲಿ ಮನೆ ಬದಲಾಗುವುದು ಹೆಚ್ಚಾಗಿ ಬೇಸಿಗೆಯಲ್ಲಿ. ಊರಿಗೆ ಹೋದಾಗ ಹಳೆಯ ಕರಾರು ಇದ್ದರೆ ತೆಗೆದು ನಾಲ್ಕು ಸಂಗತಿ ನೋಡಿ: ಅವಧಿ ಮುಗಿದ ದಿನ, ಮುದ್ರಾಂಕದ ಮೊತ್ತ, ಡಿಪಾಜಿಟ್ ಎಷ್ಟೆಂಬ ಬರಹ, ಸಹಿ ಮಾಡಿದವರ ಹೆಸರು. ಕರಾರೇ ಇಲ್ಲದಿದ್ದರೆ ಇರುವ ಬಾಡಿಗೆದಾರರ ಜೊತೆಗೇ ಕುಳಿತು ಈಗ ಬರೆಯಿಸಬಹುದು. ಅದರಲ್ಲಿ ಅವರು ಯಾವ ವರ್ಷದಿಂದ ಇದ್ದಾರೆ, ಈವರೆಗೆ ಎಷ್ಟು ಬಾಡಿಗೆ ಕೊಟ್ಟಿದ್ದಾರೆ ಎಂಬುದನ್ನೂ ಸೇರಿಸಿ, ಎರಡು ಪ್ರತಿ ಮಾಡಿಸಿ, ಒಂದನ್ನು ಅವರ ಕೈಗೆ ಕೊಡಿ.